ಆಗಮನ ಕಾಲದಲ್ಲಿ ಕೊನೆಗಾಲದ ಸಿದ್ಧತೆ: ಯಾವುದು ಮೊದಲು, ಯಾವುದು ಆಮೇಲೆ?

ತೀರಿಕೊಂಡವರನ್ನು ನೆನೆಯುವ ನವೆಂಬರ್ 2ರಂದು ಸಮಾಧಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚಿ ಬಂದವರಲ್ಲಿ ಎಷ್ಟೋ ಜನ "ಈ ವರ್ಷ ನಮ್ಮ ಕೊನೆಗಾಲದ್ದೂ ಒಂದು ಬರೆದಿಟ್ಟುಬಿಡಬೇಕು" ಅಂತಾರೆ. ಬರೆಯುವವರು ಕಡಿಮೆ. ಬರೆಯೋಕೆ ಕೂತವರೂ ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲ ದಿನವೇ ಮನೆ, ಸೈಟು, ಚಿನ್ನ ಅಂತ ಆಸ್ತಿ ಮಾತು ತೆಗೆಯುತ್ತಾರೆ, ಮಕ್ಕಳ ಮುಖ ಬಿಗಿಯುತ್ತದೆ, ಹಬ್ಬದ ಹೊತ್ತಲ್ಲಿ ಇದೆಲ್ಲ ಯಾಕೆ ಅಂತ ಯಾರೋ ಅಂತಾರೆ, ಪುಸ್ತಕ ಮುಚ್ಚುತ್ತದೆ. ಮುಂದಿನ ನವೆಂಬರ್‌ವರೆಗೆ ಆ ಮಾತೇ ಇಲ್ಲ.

ನಮ್ಮ ಕಥೋಲಿಕ ಚರ್ಚಿನ ಧರ್ಮಕೇಂದ್ರದಲ್ಲಿ ಕಾಯಿಲೆಯವರ ಮನೆಗೆ ಹೋಗುವ ತಂಡದಲ್ಲಿ ನಾನೂ ಒಬ್ಬಳು. ಅಲ್ಲಿ ಕಂಡದ್ದನ್ನು ನೋಡಿ ಹೇಳುವುದಾದರೆ ತಪ್ಪಿರುವುದು ಮನಸ್ಸಿನಲ್ಲಲ್ಲ, ಕ್ರಮದಲ್ಲಿ. ಆಸ್ತಿ ಕೊನೆಗೆ ಬರಬೇಕು. ಕೃತಜ್ಞತೆ ಮೊದಲು ಬರಬೇಕು. ಉಪದೇಶಕ್ಕೆ ಹೇಳುತ್ತಿಲ್ಲ, ಹೀಗೆ ಮಾಡಿದರೆ ಕೆಲಸ ಮುಗಿಯುತ್ತದೆ ಅಷ್ಟೇ.

## ಶುರು ಮಾಡುವ ಮುಂಚೆ

ಕ್ರಿಸ್‌ಮಸ್‌ಗೆ ಸಿದ್ಧರಾಗುವ ಆಗಮನ ಕಾಲ ಶುರುವಾಗುವುದು ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರ. ನಾಲ್ಕು ವಾರ ಅಂತೀವಿ, ಆದರೆ ವರ್ಷಕ್ಕೆ ತಕ್ಕಂತೆ ಅದು 22 ದಿನವೂ ಆಗಬಹುದು, 28 ದಿನವೂ ಆಗಬಹುದು. ನಾಲ್ಕನೇ ವಾರವನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ. ಆಗ ಹಬ್ಬದ ತಿಂಡಿ ಕುಸ್ವಾರ್, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ), ಊರಿಂದ ಬರುವವರು, ಇಷ್ಟರಲ್ಲೇ ಮುಗಿದುಹೋಗುತ್ತದೆ. ಗುಲಾಬಿ ಬಣ್ಣದ ಮೇಣದ ಬತ್ತಿ ಹಚ್ಚುವ ಮೂರನೇ ಭಾನುವಾರದ ಹೊತ್ತಿಗೆ ಬರವಣಿಗೆ ಮುಗಿದಿರಲಿ.

ಹಬ್ಬದ ಮುಂಚೆ ಸಾವಿನ ಮಾತು ಅಪಶಕುನ ಅನ್ನುವವರು ಮೊದಲ ಭಾನುವಾರದ ಶುಭಸಂದೇಶ ಕಿವಿಗೊಟ್ಟು ಕೇಳಲಿ. ಅದರಲ್ಲಿ ಗೋದಲಿಯ ಕೂಸಿನ ಸುದ್ದಿಯೇ ಇಲ್ಲ, ಎಚ್ಚರವಾಗಿರಿ ಅನ್ನುವ ಮಾತಿದೆ. ಡಿಸೆಂಬರ್ 16ರವರೆಗೂ ಚರ್ಚಿನ ಪೂಜೆಯ ಒತ್ತು ಕ್ರಿಸ್ತರು ಮತ್ತೆ ಬರುವ ದಿನದ ಮೇಲೇ. ಕ್ರಿಸ್ತಜಯಂತಿಯ ಕಡೆ ನೇರವಾಗಿ ತಿರುಗುವುದು 17ರಿಂದ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ನೋಟ್‌ಬುಕ್, ಒಂದು ದಪ್ಪ ಲಕೋಟೆ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕುಗಳು, ವಿಮೆ ಕಾಗದ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ. ಗಂಡ ಹೆಂಡತಿ ಬೇರೆ ಬೇರೆ ಪುಸ್ತಕ ಇಟ್ಟುಕೊಳ್ಳಿ. ಒಂದರಲ್ಲೇ ಇಬ್ಬರದ್ದೂ ಬರೆದರೆ ಒಬ್ಬರ ಮಾತು ಇನ್ನೊಬ್ಬರ ಅಡಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಯಾರದ್ದು ಅಂತ ನೀವೇ ಊಹಿಸಿ.

## ಹಂತ 1: ಕೃತಜ್ಞತೆಯ ಪುಟ (ಮೊದಲ ಭಾನುವಾರ)

"ದೇವರು ಕೊಟ್ಟ ಎಲ್ಲದಕ್ಕೂ ವಂದನೆ" ಅಂತ ಬರೆದು ಮುಗಿಸಬೇಡಿ. ಅದು ಪ್ರಾರ್ಥನೆಗೆ ಸರಿ, ಇಲ್ಲಿ ಸಾಲದು. ಪುಟದ ಮೇಲೆ ಮೂರು ಗೆರೆ ಎಳೆಯಿರಿ: ಯಾರು, ಏನು ಮಾಡಿದರು, ನನ್ನಿಂದ ಏನು ಬಾಕಿ. ಒಬ್ಬ ಹಿರಿಯರು ತಮ್ಮ ಪುಟ ತೋರಿಸಿದರು. ಮೊದಲ ಸಾಲಿನಲ್ಲಿ ಹೀಗಿತ್ತು: "ಎದುರುಮನೆ ಅಕ್ಕ. ಎರಡನೇ ಬಾಣಂತನದಲ್ಲಿ ದಿನಾ ಗಂಜಿ ಕಳಿಸಿದಳು. ಬಾಕಿ: ಅವಳ ಹಿತ್ತಾಳೆ ತಪ್ಪಲೆ ಇನ್ನೂ ನಮ್ಮ ಅಟ್ಟದ ಮೇಲಿದೆ." ಹೀಗಿರಬೇಕು. ಹೆಸರು ಇರಬೇಕು, ಕೆಲಸ ಇರಬೇಕು, ತಪ್ಪಲೆ ಇರಬೇಕು.

ಬದುಕಿರುವವರ ಹೆಸರಿನ ಮುಂದೆ ಒಂದು ಗುರುತು ಹಾಕಿ. ಕ್ರಿಸ್‌ಮಸ್‌ಗೆ ಮುಂಚೆ ಅವರಿಗೆ ಫೋನ್ ಮಾಡಿ, ಸಾಧ್ಯವಾದರೆ ಹೋಗಿ ನೋಡಿ. ತೀರಿಕೊಂಡವರಿದ್ದರೆ ಅವರ ಹೆಸರಲ್ಲಿ ಒಂದು ಪೂಜೆ ಹೇಳಿಸಿ. ಬಾಕಿ ಅನ್ನುವ ಕಡೆ ಸಾಲದ ಹಣ, ವಾಪಸ್ ಕೊಡದ ವಸ್ತು, ಮುರಿದ ಮಾತು, ಏನಿದ್ದರೂ ಬರೆಯಿರಿ. ಮುಂದಿನ ಹಂತಗಳಿಗೆ ಇದು ಕೆಲಸಕ್ಕೆ ಬರುತ್ತದೆ: ಉಯಿಲಿನಲ್ಲಿ ಯಾರ ಹೆಸರು ಬಿಟ್ಟುಹೋಗಿದೆ, ನಿಮ್ಮ ಪರವಾಗಿ ಮಾತಾಡಲು ಯಾರು ತಕ್ಕವರು, ಪಾಪನಿವೇದನೆಯಲ್ಲಿ (ಫಾದರ್ ಮುಂದೆ ಪಾಪ ಒಪ್ಪಿಕೊಳ್ಳುವಾಗ) ಏನು ಹೇಳಬೇಕು, ಮೂರೂ ಈ ಪುಟದಿಂದಲೇ ಹೊರಡುತ್ತವೆ.

ಎಚ್ಚರಿಕೆ: ಬರೆಯುತ್ತಾ ಬರೆಯುತ್ತಾ ಅದು "ನಾನು ಯಾರಿಗೆ ಏನೇನು ಮಾಡಿದೆ, ಅವರು ಏನೂ ಮಾಡಲಿಲ್ಲ" ಅನ್ನುವ ದೂರಿನ ಪಟ್ಟಿಯಾಗುತ್ತಿದ್ದರೆ ಪೆನ್ನು ಕೆಳಗಿಡಿ. ಆಗಮನ ಕಾಲದಲ್ಲಿ ಬಹುತೇಕ ಚರ್ಚುಗಳಲ್ಲಿ ಪಾಪನಿವೇದನೆಗೆ ವಿಶೇಷ ಸಮಯ ಇಡುತ್ತಾರೆ. ಮೊದಲು ಅದನ್ನು ಮುಗಿಸಿ ಬನ್ನಿ, ಆಮೇಲೆ ಬರೆಯಿರಿ.

## ಹಂತ 2: ನಿಮ್ಮ ಪರ ಮಾತಾಡುವವರನ್ನು ಆರಿಸಿ

ಮಾತು ನಿಂತಾಗ, ಪ್ರಜ್ಞೆ ಇಲ್ಲದಾಗ ಡಾಕ್ಟರ ಮುಂದೆ ನಿಂತು "ಅವರಿಗೆ ಇದು ಬೇಕಿತ್ತು, ಇದು ಬೇಡವಾಗಿತ್ತು" ಅಂತ ಹೇಳುವವರು ಬೇಕು. ಒಬ್ಬರಲ್ಲ, ಇಬ್ಬರು. ಹಿರಿಯ ಮಗ ಅನ್ನುವ ಕಾರಣಕ್ಕೇ ಹಿರಿಯ ಮಗನನ್ನು ಆರಿಸಬೇಡಿ. ಅವನು ದುಬೈನಲ್ಲಿದ್ದರೆ ರಾತ್ರಿ ಎರಡು ಗಂಟೆಗೆ ಐಸಿಯು ಬಾಗಿಲಲ್ಲಿ ನಿಲ್ಲುವವರು ಯಾರು? ಹತ್ತಿರ ಇರುವವರು, ನೆಂಟರ ಗಲಾಟೆಗೆ ಜಗ್ಗದವರು, ನಿಮ್ಮ ವಿಶ್ವಾಸ ಗೊತ್ತಿರುವವರು. ಕೆಲವರಿಗೆ ಅದು ಕಿರಿಯ ಮಗಳು, ಕೆಲವರಿಗೆ ತಂಗಿಯ ಮಗ.

ಕೇಳುವುದನ್ನು ಫೋನಿನಲ್ಲಿ ಮಾಡಬೇಡಿ. ಎದುರಿಗೆ ಕೂರಿಸಿ ಕೇಳಿ. ಸಾಮಾನ್ಯವಾಗಿ ನಡೆಯುವುದು ಹೀಗೆ:

"ಅಮ್ಮಾ, ಹಬ್ಬ ಇಟ್ಟುಕೊಂಡು ಇದೇನು ಮಾತು?"

"ಮಾತಲ್ಲ ಮಗಳೇ, ಕೆಲಸ. ನಿನ್ನ ಹೆಸರು ಬರೀಲಾ ಬೇಡ್ವಾ, ಅಷ್ಟು ಹೇಳು."

ಅಳುತ್ತಾರೆ, ಮಾತು ಮರೆಸುತ್ತಾರೆ, ಎದ್ದು ಅಡುಗೆಮನೆಗೆ ಹೋಗುತ್ತಾರೆ. ಬಿಡಿ. ಎರಡು ದಿನ ಬಿಟ್ಟು ಮತ್ತೆ ಕೇಳಿ. "ಆಗಲ್ಲ" ಅಂದರೆ ಬೇಜಾರು ಮಾಡಿಕೊಳ್ಳದೆ ಇನ್ನೊಬ್ಬರನ್ನು ನೋಡಿ. ಒಲ್ಲದ ಮನಸ್ಸಿನಿಂದ ಹೂಂ ಅಂದವರು ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ.

## ಹಂತ 3: ಸಂಸ್ಕಾರಗಳು (ಎರಡನೇ ವಾರದೊಳಗೆ)

ಜಾಸ್ತಿ ಜನ ತಡಮಾಡುವುದು ಇಲ್ಲೇ. ಫಾದರ್ ಮನೆಗೆ ಬಂದರೆ ಕಾಯಿಲೆಯವರು ಹೆದರುತ್ತಾರೆ, "ನನ್ನ ಕಥೆ ಮುಗಿಯಿತು" ಅಂದುಕೊಳ್ಳುತ್ತಾರೆ ಅಂತ ಉಸಿರು ಏರುವವರೆಗೂ ಕಾಯುತ್ತಾರೆ. ಕಾಯಿಲೆಯವರಿಗೆ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ರೋಗಿಗಳ ಅಭ್ಯಂಗವನ್ನು ಈಗಲೂ "ಕೊನೆಯ ಅಭ್ಯಂಗ" ಅಂತ ಕರೆಯುವುದರ ಫಲ ಇದು. ಸಾಯುವ ಗಳಿಗೆಗೆ ಮಾತ್ರ ಮೀಸಲಾದ ಸಂಸ್ಕಾರ ಇದಲ್ಲ ಅಂತ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸ್ಪಷ್ಟವಾಗಿ ಹೇಳಿದೆ. ಕಾಯಿಲೆಯಿಂದ ಅಥವಾ ಮುಪ್ಪಿನಿಂದ ಅಪಾಯ ಶುರುವಾದಾಗಲೇ ಪಡೆಯಬಹುದು. ದೊಡ್ಡ ಆಪರೇಷನ್‌ಗೆ ಮುಂಚೆ ಪಡೆಯಬಹುದು. ಗುಣವಾಗಿ ಮತ್ತೆ ಕಾಯಿಲೆ ಬಿದ್ದರೆ, ಇಲ್ಲವೇ ಅದೇ ಕಾಯಿಲೆ ಬಿಗಡಾಯಿಸಿದರೆ ಇನ್ನೊಮ್ಮೆ ಪಡೆಯಬಹುದು.

ಕ್ರಮ ಮುಖ್ಯ. ಮೊದಲು ಪಾಪನಿವೇದನೆ, ಆಮೇಲೆ ಅಭ್ಯಂಗ, ಆಮೇಲೆ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ, ದ್ರಾಕ್ಷಾರಸ). ಕೊನೆಯ ಪಯಣಕ್ಕೆ ಬುತ್ತಿಯಾಗಿ ಕೊಡುವ ಪರಮಪ್ರಸಾದವೇ ಸಾಯುವವರ ನಿಜವಾದ ಕೊನೆಯ ಸಂಸ್ಕಾರ, ಅಭ್ಯಂಗ ಅಲ್ಲ. ತಡಮಾಡಿದರೆ ಕೈತಪ್ಪುವುದೂ ಇದೇ: ಗಂಟಲಿಗೆ ಕೊಳವೆ ಹಾಕಿದ ಮೇಲೆ ಪಾಪನಿವೇದನೆಗೆ ಮಾತಿಲ್ಲ, ಪರಮಪ್ರಸಾದ ನುಂಗಲಾಗುವುದಿಲ್ಲ. ಉಳಿಯುವುದು ಅಭ್ಯಂಗ ಒಂದೇ.

ಫಾದರ್‌ಗೆ ಫೋನ್ ಮಾಡುವಾಗ ಇಷ್ಟು ಹೇಳಿ: ಕಾಯಿಲೆಯವರಿಗೆ ಪ್ರಜ್ಞೆ ಇದೆಯೇ, ಮಾತಾಡುತ್ತಾರೆಯೇ, ನುಂಗಲಾಗುತ್ತದೆಯೇ. ಗಟ್ಟಿ ಪದಾರ್ಥ ನುಂಗಲಾಗದಿದ್ದರೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲು ಅವಕಾಶ ಇದೆ, ಅದಕ್ಕೆ ಮೊದಲೇ ತಿಳಿದಿರಬೇಕು. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆ ಉಪವಾಸದ ನಿಯಮ ಕಾಯಿಲೆಯವರಿಗೂ ಇಲ್ಲ, ಅವರನ್ನು ನೋಡಿಕೊಳ್ಳುವವರಿಗೂ ಇಲ್ಲ. ರಾತ್ರಿಯಿಡೀ ಕೂತು ಈಗಷ್ಟೇ ಕಾಫಿ ಕುಡಿದ ಮಗಳೂ ಪರಮಪ್ರಸಾದ ತೆಗೆದುಕೊಳ್ಳಬಹುದು, ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ.

ಇನ್ನೊಂದು ಗೊಂದಲ. ಪರಮಪ್ರಸಾದವನ್ನು ಸಿಸ್ಟರ್ ಅಥವಾ ಅದಕ್ಕೆಂದು ನೇಮಕವಾದ ಸಾಮಾನ್ಯ ವಿಶ್ವಾಸಿಯೂ ತರಬಹುದು. ಅಭ್ಯಂಗ ಕೊಡಲು ಮಾತ್ರ ಫಾದರ್ ಅಥವಾ ಬಿಷಪ್ಪರೇ ಬೇಕು. ತೀರಿಕೊಂಡ ಮೇಲೆ ಅಭ್ಯಂಗ ಇಲ್ಲ, ಪ್ರಾರ್ಥನೆ ಇದೆ. ಜೀವ ಹೋಗಿದೆಯೋ ಇಲ್ಲವೋ ಅಂತ ಅನುಮಾನ ಇದ್ದರೆ ಕೊಡಬಹುದು, ಆದ್ದರಿಂದ "ತಡವಾಯಿತೇನೋ" ಅಂತ ಫೋನ್ ಮಾಡದೆ ಕೂರಬೇಡಿ.

ಕರೆಯಬೇಕಾದ ಲಕ್ಷಣಗಳು: ಊಟ ಒಂದೆರಡು ತುತ್ತಿಗೆ ಇಳಿಯುವುದು, ಹಗಲೆಲ್ಲ ನಿದ್ದೆ, ನೀರು ಕುಡಿದರೆ ಕೆಮ್ಮು, ಮನೆಯವರ ಗುರುತು ತಪ್ಪುವುದು. ಇವು ಕಂಡ ದಿನವೇ ಕರೆಯಿರಿ. ಧರ್ಮಕೇಂದ್ರದ ಕಚೇರಿಯ ನಂಬರು, ಫಾದರ್ ನಂಬರು, ಆಸ್ಪತ್ರೆಗೆ ಹತ್ತಿರದ ಇನ್ನೊಂದು ಚರ್ಚಿನ ನಂಬರು, ಮೂರನ್ನೂ ಫ್ರಿಜ್ ಬಾಗಿಲಿಗೆ ಅಂಟಿಸಿ. ಮದುವೆ ಚರ್ಚಿನಲ್ಲಿ ಆಗಿಲ್ಲ, ವರ್ಷಗಳಿಂದ ಪೂಜೆಗೆ ಹೋಗಿಲ್ಲ ಅನ್ನುವಂಥದ್ದೇನಾದರೂ ಇದ್ದರೆ ಈಗಲೇ ಹೋಗಿ ಫಾದರ್ ಹತ್ತಿರ ಮಾತಾಡಿ. ಆಸ್ಪತ್ರೆ ಮಂಚದ ಪಕ್ಕ ನಿಂತು ಬಗೆಹರಿಸುವ ವಿಷಯ ಅದಲ್ಲ.

## ಹಂತ 4: ಚಿಕಿತ್ಸೆ ಎಲ್ಲಿಯವರೆಗೆ?

ಇಲ್ಲಿ ಎರಡು ತಪ್ಪು ವಾಕ್ಯ ನೋಡುತ್ತೇನೆ. ಒಂದು, "ಏನೇ ಆಗಲಿ, ಎಲ್ಲಾ ಮಾಡಿ." ಇನ್ನೊಂದು, "ನನಗೆ ಯಾವ ಮೆಷಿನ್ನೂ ಬೇಡ." ಎರಡೂ ಡಾಕ್ಟರಿಗೆ ಪ್ರಯೋಜನಕ್ಕೆ ಬರುವುದಿಲ್ಲ. ನ್ಯುಮೋನಿಯಾ ಆಗಿ ಮೂರು ದಿನ ವೆಂಟಿಲೇಟರ್ ಹಾಕಿ ತೆಗೆದರೆ ಎದ್ದು ಕೂರುವ ಮನುಷ್ಯನಿಗೆ ಅದು ಬೇಡ ಅನ್ನುವುದು ತಪ್ಪು. ಮೈಯೆಲ್ಲ ಕ್ಯಾನ್ಸರ್ ಹರಡಿ ಕೊನೆಯ ದಿನಗಳಲ್ಲಿ ಇರುವವರಿಗೆ ಅದೇ ಮೆಷಿನ್ ಸಾವನ್ನು ಎಳೆಯುತ್ತದೆ, ಅಷ್ಟೇ.

ಕಥೋಲಿಕ ಧರ್ಮಸಭೆ ಹೇಳುವುದು ತುಂಬ ಜನ ಅಂದುಕೊಂಡದ್ದಕ್ಕಿಂತ ಮೆತ್ತಗಿದೆ. ಬೇಕೆಂದು ಪ್ರಾಣ ತೆಗೆಯುವುದು ಯಾವತ್ತೂ ಇಲ್ಲ. ಆದರೆ ಭಾರವಾದ, ಅಪಾಯದ, ಫಲಕ್ಕೆ ಮೀರಿದ ಚಿಕಿತ್ಸೆಯನ್ನು ಬೇಡ ಅನ್ನಬಹುದು, ನಿಲ್ಲಿಸಲೂಬಹುದು ಅಂತ ಕಥೋಲಿಕ ಧರ್ಮೋಪದೇಶ ಗ್ರಂಥದ 2278ನೇ ಸಂಖ್ಯೆಯಲ್ಲಿದೆ. ಮನೆಯವರ ಮೇಲೆ ಮಿತಿಮೀರಿದ ಖರ್ಚಿನ ಹೊರೆ ಬೀಳಬಾರದು ಅನ್ನುವ ಆಸೆಯನ್ನೂ 1980ರ ವ್ಯಾಟಿಕನ್ ಘೋಷಣೆ ನ್ಯಾಯವಾದ ಕಾರಣ ಅಂತ ಒಪ್ಪಿದೆ. ಮನೆ ಮಾರಿ ಐಸಿಯು ಬಿಲ್ ಕಟ್ಟದಿದ್ದರೆ ಪಾಪ ಅಂತ ಸುಮ್ನೆ ನರಳುವವರು ಇದನ್ನು ತಿಳಿದಿರಬೇಕು, ಅಲ್ವಾ?

ನೋವಿನ ಔಷಧ ಧಾರಾಳವಾಗಿ ತೆಗೆದುಕೊಳ್ಳಬಹುದು. ನೋವು ಇಳಿಸುವುದೇ ಉದ್ದೇಶವಾಗಿದ್ದರೆ, ಅದರಿಂದ ಆಯಸ್ಸು ಸ್ವಲ್ಪ ಕಡಿಮೆಯಾಗುವ ಸಾಧ್ಯತೆ ಇದ್ದರೂ ಸರಿ ಅಂತ 12ನೇ ಪಿಯುಸ್ ಪೋಪರು 1957ರಲ್ಲೇ ಹೇಳಿದ್ದಾರೆ. ಮಾರ್ಫಿನ್ ಕೊಟ್ಟರೆ ದಯಾಮರಣ ಕೊಟ್ಟಂತೆ ಅಂತ ಹೆದರಬೇಡಿ. ಊಟ ನೀರಿನ ವಿಷಯದಲ್ಲಿ ಮಾತ್ರ ಎಚ್ಚರ: ಕೊಳವೆಯಿಂದ ಕೊಟ್ಟರೂ ಅದು ಸಾಮಾನ್ಯ ಆರೈಕೆ, ದೇಹ ಅದನ್ನು ಅರಗಿಸಿಕೊಳ್ಳುವವರೆಗೆ ಕೊಡಬೇಕು ಅನ್ನುವುದು ಧರ್ಮಸಭೆಯ ನಿಲುವು. ಅಚ್ಚಾದ ನಮೂನೆಗಳಲ್ಲಿ ಕೆಲವು "ಆಹಾರ ಕೊಳವೆ ಬೇಡ" ಅಂತ ಒಂದೇ ಸಾಲಿನಲ್ಲಿ ಮುಗಿಸಿರುತ್ತವೆ. ಕಣ್ಣು ಮುಚ್ಚಿ ಸಹಿ ಹಾಕಬೇಡಿ. "ದೇಹ ತೆಗೆದುಕೊಳ್ಳುವವರೆಗೆ ಊಟ ನೀರು ಕೊಡಿ, ತೊಂದರೆಯೇ ಜಾಸ್ತಿಯಾದರೆ ನಿಲ್ಲಿಸಿ" ಅಂತ ತಿದ್ದಿ ಬರೆಯಿರಿ.

ಇನ್ನು ಕಾನೂನು. ಚಿಕಿತ್ಸೆ ಎಲ್ಲಿಯವರೆಗೆ ಬೇಕು ಅಂತ ಮೊದಲೇ ಬರೆದಿಡುವ ಪತ್ರಕ್ಕೆ, ಅಂದರೆ ಲಿವಿಂಗ್ ವಿಲ್‌ಗೆ ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಮಾನ್ಯತೆ ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಯಾರಿಗೂ ಆಗುತ್ತಿರಲಿಲ್ಲ. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿದರು. ಈಗ ಮಾಡಬೇಕಾದ್ದು ಇಷ್ಟು:

1. 18 ದಾಟಿದವರು, ಬುದ್ಧಿ ಸರಿ ಇರುವಾಗ, ಸ್ವಂತ ಇಚ್ಛೆಯಿಂದ ಬರೆಯಬೇಕು. ನಿಮಗೆ ಬರುವ ಸರಳ ಮಾತಿನಲ್ಲೇ ಬರೆಯಿರಿ.
2. ಹಂತ 2ರಲ್ಲಿ ಆರಿಸಿದ ಇಬ್ಬರ ಹೆಸರು, ಫೋನ್ ನಂಬರು ಹಾಕಿ.
3. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ. ಮನೆಯವರಲ್ಲದವರು ಒಳ್ಳೆಯದು.
4. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ.
5. ಪ್ರತಿಗಳನ್ನು ಆ ಇಬ್ಬರಿಗೆ, ಮನೆ ಡಾಕ್ಟರಿಗೆ, ಪಂಚಾಯಿತಿ ಅಥವಾ ನಗರಪಾಲಿಕೆಯ ಸಂಬಂಧಪಟ್ಟ ಅಧಿಕಾರಿಗೆ ಕೊಡಿ.

ಇದು ಜಾರಿಗೆ ಬರುವುದು ನೀವೇ ನಿರ್ಧಾರ ಹೇಳುವ ಸ್ಥಿತಿಯಲ್ಲಿ ಇಲ್ಲದಾಗ, ಗುಣವಾಗುವ ಆಸೆಯೂ ಇಲ್ಲದಾಗ ಮಾತ್ರ. ಅದೂ ಎರಡು ವೈದ್ಯಕೀಯ ಮಂಡಳಿ ನೋಡಿ ಒಪ್ಪಿದ ಮೇಲೆ. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ನಡೆಸಲು ಆದೇಶ ಹೊರಡಿಸಿದೆ. ಆಸ್ಪತ್ರೆಯ ಕೌಂಟರಿನಲ್ಲಿ "ಹಾಗೆಲ್ಲ ಇಲ್ಲ" ಅಂದರೆ ಈ ದಿನಾಂಕ ಹೇಳಿ.

## ಹಂತ 5: ಶವಸಂಸ್ಕಾರದ ಪುಟ

ಒಂದೇ ಪುಟ ಸಾಕು. ಯಾವ ಚರ್ಚು, ಯಾವ ಸಮಾಧಿ, ಯಾವ ವಾಚನ, ಯಾವ ಹಾಡು, ಯಾವ ಸೀರೆ ಅಥವಾ ಕೋಟು. ನಗರದ ಸಿಮಿತ್ರಿಗಳಲ್ಲಿ ಜಾಗ ಕಡಿಮೆ, ಹಳೆ ಗುಂಡಿಯನ್ನೇ ಮತ್ತೆ ತೆಗೆಯುವುದುಂಟು. ನಿಮ್ಮಲ್ಲಿ ನಿಯಮ ಏನು ಅಂತ ಕಚೇರಿಯಲ್ಲಿ ಈಗಲೇ ಕೇಳಿ. ಮಕ್ಕಳು ಹೊರದೇಶದಲ್ಲಿದ್ದರೆ ಎಷ್ಟು ದಿನ ಕಾಯಬೇಕು ಅಂತ ಸ್ಪಷ್ಟವಾಗಿ ಬರೆಯಿರಿ. ಶವವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು "ಟಿಕೆಟ್ ಸಿಕ್ಕಿತಾ?" ಅಂತ ಗಂಟೆಗೊಮ್ಮೆ ಕೇಳುವ ಪಾಡು ಊರಲ್ಲಿ ಉಳಿದವರಿಗೆ ಬೇಡ.

ಆಗಮನ ಕಾಲದ ಭಾನುವಾರಗಳಲ್ಲಿ ಶವಸಂಸ್ಕಾರದ ಪೂಜೆ ಇಡುವಂತಿಲ್ಲ. ವಾಚನ, ಪ್ರಾರ್ಥನೆ, ಸಮಾಧಿ ವಿಧಿ ಮಾಡಿ ಪೂಜೆಯನ್ನು ಬೇರೆ ದಿನ ಇಟ್ಟುಕೊಳ್ಳಬಹುದು. ಇದು ಗೊತ್ತಿಲ್ಲದೆ ಫಾದರ್ ಜೊತೆ ಜಗಳಕ್ಕೆ ನಿಂತವರಿದ್ದಾರೆ. ಪ್ರಬೋಧನೆಯ ಜಾಗದಲ್ಲಿ ಹೊಗಳಿಕೆ ಭಾಷಣಕ್ಕೂ ಅವಕಾಶ ಇಲ್ಲ. ಪರಮಪ್ರಸಾದದ ನಂತರ ಮನೆಯವರೊಬ್ಬರು ಎರಡು ಮಾತು ಹೇಳಬಹುದು. ಅದಕ್ಕೆ ನಿಮ್ಮ ಕೃತಜ್ಞತೆಯ ಪುಟವನ್ನೇ ಓದಿ ಅಂತ ಬರೆದಿಡಿ, ಎಷ್ಟೋ ಚೆನ್ನಾಗಿರುತ್ತದೆ.

ದಹನಕ್ಕೆ 1963ರಿಂದ ಅಡ್ಡಿ ಇಲ್ಲ, ಹೂಳುವುದೇ ಮೇಲು ಅನ್ನುತ್ತದೆ ಧರ್ಮಸಭೆ. ಆದರೆ ಬೂದಿಯನ್ನು ನದಿಗೆ ಬಿಡುವುದು, ಶೋಕೇಸಿನಲ್ಲಿ ಇಡುವುದು ಬೇಡ ಅಂತ 2016ರಲ್ಲಿ ವ್ಯಾಟಿಕನ್ ಹೇಳಿದೆ. ಪವಿತ್ರ ಜಾಗದಲ್ಲಿ ಇಡಬೇಕು.

ಕಣ್ಣು, ಅಂಗಾಂಗ ದಾನ ಮಾಡಬಹುದು, ಧರ್ಮಸಭೆ ಅದನ್ನು ಮೆಚ್ಚುತ್ತದೆ. ರಾಜ್ಯದಲ್ಲಿ ಅಂಗಾಂಗ ದಾನ ನೋಡಿಕೊಳ್ಳುವುದು ಜೀವಸಾರ್ಥಕತೆ ಅನ್ನುವ ಸಂಸ್ಥೆ. ಕಣ್ಣಿಗೆ ಸುಮಾರು ಆರು ಗಂಟೆ ಮಾತ್ರ ಸಮಯ. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ತಲೆಯಡಿ ದಿಂಬು ಕೊಟ್ಟು ಐ ಬ್ಯಾಂಕಿಗೆ ಫೋನ್ ಮಾಡಬೇಕು. ಮನೆಯವರಿಗೆ ತಿಳಿಸದೆ ಕಾರ್ಡು ಮಾತ್ರ ಪರ್ಸಿನಲ್ಲಿಟ್ಟರೆ ಆ ಆರು ಗಂಟೆ ಅಳುವುದರಲ್ಲೇ ಹೋಗುತ್ತದೆ.

## ಹಂತ 6: ಈಗ ಆಸ್ತಿ

ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಉಯಿಲು ಇಲ್ಲದೆ ತೀರಿಕೊಂಡರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಮಕ್ಕಳಿಗೆ, ಗಂಡು ಹೆಣ್ಣು ಸಮ. ಇದು ನಿಮಗೆ ಒಪ್ಪಿಗೆಯಾದರೂ ಉಯಿಲು ಬರೆಯಿರಿ, ಓಡಾಟ ತಪ್ಪುತ್ತದೆ. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಆದರೆ ಜಗಳದ ವಾಸನೆ ಇದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ.

ಸಹಿಗೆ ಇಬ್ಬರು ಸಾಕ್ಷಿ ಬೇಕೇ ಬೇಕು. ಪಾಲು ಪಡೆಯುವವರನ್ನಾಗಲಿ ಅವರ ಗಂಡ ಅಥವಾ ಹೆಂಡತಿಯನ್ನಾಗಲಿ ಸಾಕ್ಷಿ ಮಾಡಬೇಡಿ. ಉಯಿಲು ಉಳಿಯುತ್ತದೆ, ಅವರಿಗೆ ಬರೆದ ಪಾಲು ಬಿದ್ದುಹೋಗುತ್ತದೆ. ಅಳಿಯ ಮನೆಯಲ್ಲೇ ಇದ್ದಾನೆ, ಅವನೇ ಸಹಿ ಹಾಕಲಿ ಅಂತ ಮಗಳ ಪಾಲು ಕಳೆಯುವುದು ಹೀಗೆ. ಇನ್ನೊಂದು, ಉಯಿಲು ಬರೆದ ಮೇಲೆ ಮದುವೆಯಾದರೆ ಹಳೆಯ ಉಯಿಲು ತಾನಾಗಿ ರದ್ದು. ಹೆಂಡತಿ ತೀರಿಕೊಂಡು ಮರುಮದುವೆಯಾದವರು ಹೊಸದಾಗಿ ಬರೆಯಲೇಬೇಕು.

ನಾಮಿನಿ ಅಂದರೆ ಒಡೆಯ ಅಲ್ಲ. ಬ್ಯಾಂಕು ಹಣವನ್ನು ನಾಮಿನಿ ಕೈಗೆ ಕೊಡುತ್ತದೆ, ಯಾರದ್ದು ಅನ್ನುವುದನ್ನು ಹೇಳುವುದು ಉಯಿಲು ಅಥವಾ ಕಾಯಿದೆ. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ಕು ನಾಮಿನಿಗಳವರೆಗೆ ಹಾಕಬಹುದು. ಉಯಿಲಿಗೂ ನಾಮಿನಿಗೂ ತಾಳೆ ಇರಲಿ.

ಚರ್ಚಿಗೆ, ಅನಾಥಾಶ್ರಮಕ್ಕೆ ಏನಾದರೂ ಬಿಡುವ ಆಸೆ ಇದ್ದರೆ ಮುಂಚೆ ಕ್ರೈಸ್ತರಿಗೆ ಒಂದು ಕಟ್ಟುಪಾಡು ಇತ್ತು: ಹತ್ತಿರದ ನೆಂಟರಿದ್ದರೆ, ಸಾವಿಗೆ ಹನ್ನೆರಡು ತಿಂಗಳ ಮುಂಚೆ ಬರೆದಿರಬೇಕು. 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಹಳೆ ವಕೀಲರು ಇನ್ನೂ ಅದನ್ನೇ ಹೇಳುವುದುಂಟು.

ಎಚ್ಚರಿಕೆ: ಮೊದಲ ಪುಟದ "ಬಾಕಿ" ಸಾಲಿನಲ್ಲಿದ್ದ ಹೆಸರು ಇಲ್ಲಿ ಒಂದೂ ಬಂದಿಲ್ಲ ಅಂದರೆ ಇನ್ನೊಮ್ಮೆ ತೆಗೆದು ನೋಡಿ. ವರ್ಷಗಟ್ಟಲೆ ಮನೆಕೆಲಸಕ್ಕೆ ಬಂದವಳಿಗೆ ಏನೂ ಇಲ್ಲವೇ?

## ಹಂತ 7: ಎಲ್ಲಿ ಇಡಬೇಕು, ಯಾವಾಗ ಹೇಳಬೇಕು

ಬ್ಯಾಂಕ್ ಲಾಕರಿನಲ್ಲಿ ಇಡಬೇಡಿ. ನೀವು ಹೋದ ಮೇಲೆ ಲಾಕರ್ ತೆರೆಯಲು ಬೇಕಾದ ಕಾಗದ ಒಳಗೇ ಇದ್ದರೆ ಏನು ಮಾಡುವುದು? ಲಕೋಟೆ ಮನೆಯಲ್ಲಿರಲಿ, ಇಬ್ಬರಿಗೆ ಜಾಗ ಗೊತ್ತಿರಲಿ. ಲಿವಿಂಗ್ ವಿಲ್ ಮತ್ತು ಶವಸಂಸ್ಕಾರದ ಪುಟವನ್ನು ಉಯಿಲಿನ ಜೊತೆ ಅಂಟಿಸಬೇಡಿ. ಉಯಿಲನ್ನು ಸಾಮಾನ್ಯವಾಗಿ ಮಣ್ಣು ಮುಗಿದ ಮೇಲೆ ತೆರೆಯುತ್ತಾರೆ, ಅಷ್ಟರಲ್ಲಿ ನಿಮ್ಮ ಹಾಡಿನ ಪಟ್ಟಿಗೆ ಕೆಲಸ ಉಳಿದಿರುವುದಿಲ್ಲ.

ಮನೆಯವರಿಗೆ ಹೇಳುವುದು ಡಿಸೆಂಬರ್ 26ರಿಂದ 31ರ ನಡುವೆ, ಎಲ್ಲರೂ ಊರಲ್ಲಿರುವಾಗ. 24ರ ರಾತ್ರಿ ಬೇಡ, ಊಟದ ಮೇಜಿನಲ್ಲೂ ಬೇಡ. ಸಂಜೆ ಜಪಸರ ಆದ ಮೇಲೆ ಅರ್ಧ ಗಂಟೆ ಸಾಕು. ಮೊದಲು ಕೃತಜ್ಞತೆಯ ಪುಟ ಓದಿ, ಆಮೇಲೆ ಚಿಕಿತ್ಸೆ, ಆಮೇಲೆ ಶವಸಂಸ್ಕಾರ. ಉಯಿಲಿನ ಒಳಗಿನದನ್ನು ಓದಲೇಬೇಕಿಲ್ಲ, ಬರೆದಿದ್ದೇನೆ ಅಂದರೆ ಸಾಕು. ಯಾರಾದರೂ ಆಸ್ತಿ ಮಾತು ಎತ್ತಿದರೆ "ಅದು ಇವತ್ತಲ್ಲ" ಅಂತ ಹೇಳಿ ಮುಂದಕ್ಕೆ ಹೋಗಿ.

ಪ್ರತಿ ವರ್ಷ ಆಗಮನ ಕಾಲದ ಮೊದಲ ಭಾನುವಾರ ಲಕೋಟೆ ತೆಗೆದು ನೋಡಿ. ಫೋನ್ ನಂಬರು ಬದಲಾಗಿದ್ದರೆ ತಿದ್ದಿ, ದಿನಾಂಕ ಹಾಕಿ. ಹೊಸ ಉಯಿಲು ಸರಿಯಾಗಿ ಸಹಿಯಾದ ಮೇಲೆ ಹಳೆಯದನ್ನು ಹರಿದು ಹಾಕಿ, ಎರಡೂ ಇದ್ದರೆ ಕೋರ್ಟಿಗೆ ದಾರಿ.

ಲಕೋಟೆಯ ಹೊರಗೆ ಒಂದು ಚೀಟಿ ಅಂಟಿಸಿ. ಜೀವ ಹೋದ ಮೇಲೆ ಮಾಡಬೇಕಾದ್ದು: ಡಾಕ್ಟರ್ ಬಂದು ಸರ್ಟಿಫಿಕೇಟ್ ಕೊಡಬೇಕು, ಮನೆಯಲ್ಲೇ ತೀರಿಕೊಂಡಿದ್ದರೆ ಇದನ್ನು ಮರೆಯಲೇಬಾರದು. ಕಣ್ಣು ದಾನ ಇದ್ದರೆ ಐ ಬ್ಯಾಂಕಿಗೆ ಫೋನ್. ಧರ್ಮಕೇಂದ್ರಕ್ಕೆ ಫೋನ್. 21 ದಿನದೊಳಗೆ ಸರ್ಕಾರಿ ಮರಣ ನೋಂದಣಿ, ಆಮೇಲೆ ಹೋದರೆ ದಂಡ ಮತ್ತು ಅಲೆದಾಟ. ಚರ್ಚಿನ ಮರಣ ಪುಸ್ತಕದಲ್ಲಿ ಬರೆಸಿದ್ದು ಬ್ಯಾಂಕಿನಲ್ಲಾಗಲಿ ಪಿಂಚಣಿ ಕಚೇರಿಯಲ್ಲಾಗಲಿ ನಡೆಯುವುದಿಲ್ಲ. ಸರ್ಕಾರಿ ಪ್ರಮಾಣಪತ್ರದ ನಾಲ್ಕಾರು ಪ್ರತಿಗಳನ್ನು ಒಂದೇ ಸಲ ತೆಗೆದಿಟ್ಟುಕೊಳ್ಳಲು ಹೇಳಿ.